ಹಿಮದ ಮುದುಕ ಮನೆ ಸೇರಿದ ಬಗೆ

ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಕೇಕ್ ಇಲ್ಲ, ನಕ್ಷತ್ರ ಇಲ್ಲ. ಒಂದು ಸಿನಿಮಾ ಇದೆ. ಕೇಬಲ್ಲಿನ ಒಂದು ಇಂಗ್ಲಿಷ್ ಚಾನೆಲ್ಲಿನವರು ಪ್ರತಿವರ್ಷ ಆ ದಿನ ಬೆಳಗಿನಿಂದ ರಾತ್ರಿಯವರೆಗೆ ಅದೊಂದನ್ನೇ ಹಾಕುತ್ತಾರೆ. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಶುರು, ಪಕ್ಕದ ಮನೆಯ ಮರಾಠಿ ಹೆಂಗಸು ಕಾಕು ಹೇಳುವ ಮೊಣಕಾಲು ನೋವಿನ ಕಥೆಯ ಹಾಗೆ. ಹಬ್ಬಕ್ಕೆಂದು ಒಬ್ಬ ಮುದುಕ ಮನೆಗೆ ಹೊರಡುತ್ತಾನೆ, ಹಿಮ ಬಿದ್ದು ರೈಲು ನಿಲ್ಲುತ್ತದೆ, ಆಟಿಕೆಯ ಪೊಟ್ಟಣವೊಂದನ್ನು ಎದೆಗವಚಿಕೊಂಡು ಅವನು ನಡೆಯತೊಡಗುತ್ತಾನೆ. ಕಥೆ ಇಷ್ಟೇ.

ಅಪ್ಪನಿಗೆ ಇದರ ನಡುಭಾಗ ಮಾತ್ರ ಗೊತ್ತಿತ್ತು. ಅವರು ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಭಟ್ಟರು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಬಿಡುವಿನಲ್ಲಿ ಮನೆಗೆ ಬಂದು, ಹೆಗಲಿನ ಟವೆಲ್ಲು, ಅವರ ಬಾಯಲ್ಲಿ ಬೈರಾಸು, ಮುಖದ ಮೇಲೆ ಎಳೆದುಕೊಂಡು ನೆಲಕ್ಕೆ ಒರಗುತ್ತಿದ್ದರು. ಹೋಟೆಲಿನ ಹೊತ್ತು ಬದಲಾಗುತ್ತಿರಲಿಲ್ಲ, ಚಾನೆಲ್ಲಿನ ಹೊತ್ತೂ ಬದಲಾಗುತ್ತಿರಲಿಲ್ಲ. ಹಾಗಾಗಿ ಅಪ್ಪ ಬರುವಾಗ ಪ್ರತಿವರ್ಷವೂ ರೈಲು ನಿಂತಿರುತ್ತಿತ್ತು. ಹೊರಡುವಾಗ ಮುದುಕ ಹಿಮದಲ್ಲಿ ನಡೆಯುತ್ತಲೇ ಇರುತ್ತಿದ್ದ.

"ಎಂತ ಹಿಮ ಮಾರಾಯ! ಉದ್ದು ಹೆಚ್ಚಾಗಿ ಹಿಟ್ಟು ಉಕ್ಕಿದ ಹಾಗುಂಟು" ಎನ್ನುತ್ತ ಎದ್ದು ಚಪ್ಪಲಿ ಹುಡುಕುವರು. ಬಾಗಿಲಲ್ಲಿ ನಿಂತು ಮತ್ತೊಮ್ಮೆ ಟಿವಿಯ ಕಡೆ ನೋಡಿ, "ಅವ ಮನೆ ಮುಟ್ಟಿದನಾ ಅಂತ ನಾಳೆ ಹೇಳು, ಆಯ್ತಾ?"

ಮೊದಲ ಸಲ ಹೀಗೆ ಹೇಳಿದಾಗ ನಾನು ಮೂರನೇ ಕ್ಲಾಸು. ಅಪ್ಪ ಮೆಟ್ಟಿಲಿಳಿದ ಕೂಡಲೇ ನಾನೂ ಇಳಿದು ಕ್ರಿಕೆಟ್ ಆಡಲು ಓಡಿದ್ದೆ. ಕೊನೆ ಯಾರು ನೋಡಿದ್ದರು? ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಮರುದಿನದ ಬಿಡುವಿನಲ್ಲಿ ಮುದುಕನನ್ನು ನೇರ ನಮ್ಮ ಠಾಣೆಯ ರೈಲ್ವೆ ಸ್ಟೇಷನ್ನಿನಲ್ಲಿ ಇಳಿಸಿಬಿಟ್ಟೆ. ರಿಕ್ಷಾದವನು ಅವನನ್ನು ಮೇಲಿಂದ ಕೆಳಗೆ ನೋಡಿ "ನಹೀ ಜಾಯೇಗಾ" ಎಂದು ಬರಲು ಒಪ್ಪಲಿಲ್ಲ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಗೇಟಿನಲ್ಲಿ ಅಡ್ಡ ನಿಂತು "ಕಿಸ್ ಕೇ ಘರ್ ಜಾನಾ ಹೈ? ಥೈಲೀ ಮೇ ಕ್ಯಾ ಹೈ?" ಎಂದು ಯಾರ ಮನೆ, ಚೀಲದಲ್ಲೇನು ಎಂಬ ವಿಚಾರಣೆ ನಡೆಸಿದ. ಕಾಕು ಕಿಟಕಿಯಿಂದ ಇಣುಕಿ, ಯಾರು, ಯಾವ ಊರು, ಮಗಳ ಮದುವೆ ಆಯಿತೇ ಎಂದೆಲ್ಲ ಕೇಳಿ, ಕೊನೆಗೆ ತನ್ನ ಮೊಣಕಾಲಿಗೆ ಬಂದಳು. ಎಲ್ಲರ ಧ್ವನಿಗೂ ನನ್ನದೇ ಗಂಟಲು. ಮುಖ ಬೈರಾಸಿನ ಕೆಳಗಿದ್ದರೂ ಅಪ್ಪನ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು.

"ಬೇಗ ಹೇಳು ಮಾರಾಯ, ಹೋಗ್ಲಿಕ್ಕುಂಟು. ಮುಟ್ಟಿದನಾ ಇಲ್ವಾ?"

"ಮುಟ್ಟಿದ ಅಪ್ಪ. ಬಾಗಿಲು ತಟ್ಟಿದ. ಅವನ ಮಗ ಎದ್ದೇ ಇದ್ದ. ಓಡಿಬಂದು ಬಾಗಿಲು ತೆಗೆದ."

ಅಲ್ಲಿಂದ ಪ್ರತಿವರ್ಷ ಹೊಸ ಕೊನೆ. ಒಮ್ಮೆ ಮುದುಕ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಠಾಣೆಯಲ್ಲಿ ಇಳಿಯಲಾಗದೆ ಕಲ್ಯಾಣದವರೆಗೆ ಹೋಗಿ ವಾಪಸು ಬಂದ. ಇನ್ನೊಮ್ಮೆ ಅಪ್ಪನ ಹೋಟೆಲಿಗೇ ನುಗ್ಗಿ ಸಾಂಬಾರಿನಲ್ಲಿ ಹುಳುಕು ಹುಡುಕಿ ಬೈಸಿಕೊಂಡ. ನಿಜವಾದ ಕೊನೆಯನ್ನು ನಾನು ನೋಡಿದ್ದು ಕಾಲೇಜಿಗೆ ಬಂದ ಮೇಲೆ. ಅದರಲ್ಲಿ ಯಾರೋ ಕಾರಿನವರು ಮುದುಕನನ್ನು ಮನೆಗೆ ಬಿಡುತ್ತಾರೆ, ಎಲ್ಲರೂ ಸೇರಿ ಹಾಡುತ್ತಾರೆ, ಮುಗಿಯಿತು. ಇಷ್ಟು ಸಪ್ಪೆ ಅಡುಗೆಯನ್ನು ಭಟ್ಟರಿಗೆ ಬಡಿಸುವುದು ಹೇಗೆ? ನನ್ನದನ್ನೇ ಮುಂದುವರಿಸಿದೆ.

ಈ ವರ್ಷ ಮಳೆಗಾಲದ ಹೊತ್ತಿಗೆ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದರು. ಇನ್ನು ಒಲೆಯ ಮುಂದೆ ನಿಲ್ಲಬಾರದು ಎಂದರು ಡಾಕ್ಟರು. ಅಪ್ಪ ವಾದ ಮಾಡಲಿಲ್ಲ. ಮನೆಗೆ ಬಂದು ಕುರ್ಚಿಯಲ್ಲಿ ಕೂತರು, ಹಾಗೆಯೇ ಸುಮ್ಮನಾದರು. ಸಂಜೆಯಾಗುತ್ತಿದ್ದಂತೆ ತಟ್ಟನೆ ಎದ್ದು ಚಪ್ಪಲಿ ಹುಡುಕುವರು. ಸಿಕ್ಕಿದ ಮೇಲೆ, ಇನ್ನು ಹೋಟೆಲಿಗೆ ಹೋಗಲಿಕ್ಕಿಲ್ಲ ಎಂದು ನೆನಪಾಗುವುದು. ಆಗ ಅದನ್ನು ಗೋಡೆಗೆ ನೇರ ಜೋಡಿಸಿಟ್ಟು, ಅದಕ್ಕೇ ಎದ್ದವರ ಹಾಗೆ ಬಂದು ಕೂರುವರು.

"ಊರವರನ್ನೆಲ್ಲ ನಗಿಸ್ತಿ. ಇವರನ್ನೊಂದು ಸಲ ನಗಿಸು ನೋಡುವಾ" ಎಂದಳು ಅಮ್ಮ.

ನಾನು ಡಾಕ್ಟರ ನಕಲು ಮಾಡಿದೆ, ಹೋಟೆಲಿನ ಧಣಿಯದು ಮಾಡಿದೆ, ಐರೋಲಿಯ ನನ್ನ ಆಫೀಸಿನಲ್ಲಿ ಯಾರ ನಕಲು ಮಾಡಿ ಒಮ್ಮೆ ಸಿಕ್ಕಿಬಿದ್ದಿದ್ದೆನೋ ಆ ಬಾಸಿನದೂ ಮಾಡಿದೆ. ಅಪ್ಪ "ಲಾಯ್ಕುಂಟು" ಎಂದು ಮೆಚ್ಚಿದ ಹಾಗೆ ಹೇಳಿ ಗೋಡೆ ನೋಡಿದರು. ಬೈದಿದ್ದರೆ ವಾಸಿಯಿತ್ತು. ಅಪ್ಪ ಮತ್ತೆ ನಗದೇ ಹೋದರೆ ಎಂಬ ಭಯ ನನ್ನೊಳಗೆ ಕೂತದ್ದು ಆಗಲೇ.

ಅಷ್ಟರಲ್ಲಿ ಕ್ರಿಸ್‌ಮಸ್ ಬಂತು. ಈಗ ಎಲ್ಲರೂ ಫೋನಿನಲ್ಲೇ ಸಿನಿಮಾ ನೋಡುತ್ತಾರೆ. ನಮ್ಮ ಮನೆಯಲ್ಲಿ ಕೇಬಲ್ ಉಳಿದಿರುವುದು ಅಮ್ಮನ ಧಾರಾವಾಹಿಗಳಿಗೆ ಮತ್ತು ಈ ಮುದುಕನಿಗೆ. ಬೇರೆ ದಿನ ಈ ಸಿನಿಮಾ ನೋಡೋಣ ಎಂದು ನಮಗೆ ಯಾವತ್ತೂ ಅನ್ನಿಸಿದ್ದಿಲ್ಲ. ದೀಪಾವಳಿಯ ಪಟಾಕಿಯನ್ನು ಯುಗಾದಿಗೆ ಹೊಡೆದ ಹಾಗಾಗುತ್ತಿತ್ತು. ಮಧ್ಯಾಹ್ನ ಮೂವರೂ ಕೂತೆವು. ರೈಲು ನಿಂತಿತು. ಹಿಮ ಸುರಿಯಿತು. ಅಪ್ಪ ಹಿಟ್ಟಿನ ಮಾತೆತ್ತಲಿಲ್ಲ. ಮುದುಕ ಪೊಟ್ಟಣ ಅವಚಿಕೊಂಡು ನಡೆಯತೊಡಗಿದ. ಅಪ್ಪ ಎದ್ದರು, ಬಾಗಿಲ ಬಳಿ ಹೋಗಿ ಬಗ್ಗಿದರು.

"ಎಲ್ಲಿಗೆ ಹೋಗುದು? ಕೂತ್ಕೊಳ್ಳಿ" ಎಂದಳು ಅಮ್ಮ ಮೆಲ್ಲಗೆ.

ಅಪ್ಪ ಚಪ್ಪಲಿಯನ್ನು ನೋಡಿದರು, ನಮ್ಮನ್ನು ನೋಡಿದರು. ಬಂದು ಕೂತರು. ಮೊದಲ ಬಾರಿಗೆ ಆ ಸಿನಿಮಾ ಅಪ್ಪನ ಮುಂದೆ ಮುಂದಕ್ಕೆ ಹೋಯಿತು. ನನ್ನ ಕಣ್ಣು ಟಿವಿಯ ಮೇಲಿರಲಿಲ್ಲ. ಕಾರು ಬಂತು, ಮುದುಕ ಮನೆ ಸೇರಿದ, ಎಲ್ಲರೂ ಹಾಡಿದರು. ನಾನು ವರ್ಷ ವರ್ಷ ಕಟ್ಟಿದ್ದ ಕೊನೆಗಳೆಲ್ಲ ಒಂದೇ ಏಟಿಗೆ ಬಿದ್ದುಹೋದವು ಅಂದುಕೊಂಡೆ.

ಅಪ್ಪ ಹಾಡು ಮುಗಿಯುವವರೆಗೆ ನೋಡಿದರು. ಆಮೇಲೆ, "ವಾಚ್‌ಮನ್ ಬರಲೇ ಇಲ್ಲ" ಎಂದರು.

"ಅಪ್ಪ, ಅದು..."

"ರಜೆ ಹಾಕಿರಬೇಕು, ಪಾಪ."

ಮುಖದಲ್ಲಿ ನಗುವಿನ ಸುಳಿವಿಲ್ಲ. ಸಿನಿಮಾ ಆಗಲೇ ಮತ್ತೆ ಶುರುವಾಗಿತ್ತು. ಅಪ್ಪ ರಿಮೋಟ್ ತೆಗೆದು ಧ್ವನಿ ನಿಲ್ಲಿಸಿದರು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಗಾಳಿಯಲ್ಲಿ ಬೀಸುತ್ತ, ಉಸಿರು ಕಟ್ಟಿದವರಂತೆ, ಕೀರಲು ಗಂಟಲಿನಲ್ಲಿ ಹೇಳತೊಡಗಿದರು: "ಆಮೇಲೆ ಅಪ್ಪ, ಆಮೇಲೆ ಎಂತಾಯ್ತು ಗೊತ್ತುಂಟಾ ಅಪ್ಪ, ಆಮೇಲೆ ಅವ ಠಾಣೆಯಲ್ಲಿ ಇಳಿದ ಅಪ್ಪ..." ನಡುವೆ ಒಮ್ಮೆ ಮೂಗನ್ನು ತೋಳಿಗೆ ಒರೆಸಿಕೊಂಡರು.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಗ್ಗಿ ಬಗ್ಗಿ ನಕ್ಕಳು. ಊರಿನ ಗಂಟಲುಗಳನ್ನೆಲ್ಲ ಕದ್ದವನು ನಾನು. ಬೈರಾಸಿನ ಅಡಿಯಿಂದ ಯಾರೋ ನನ್ನದನ್ನೇ ಕದ್ದು, ಇಷ್ಟು ವರ್ಷ ಕೆಡದಂತೆ ಇಟ್ಟುಕೊಂಡಿದ್ದರು.

"ನಾನು ಮೂಗು ಒರೆಸ್ತಿರಲಿಲ್ಲ" ಎಂದೆ.

"ಒರೆಸ್ತಿದ್ದಿ. ಮತ್ತೆ ನಿನ್ನ ಕತೆಯಲ್ಲಿ ಎಲ್ಲ ಬದಲಾಗ್ತಿತ್ತು, ಅದೊಂದು ಬಿಟ್ಟು. ಆ ಹುಡುಗ ಯಾವಾಗ್ಲೂ ಎದ್ದೇ ಇರ್ತಿದ್ದ." ಅಪ್ಪ ಈಗ ತಮ್ಮದೇ ಧ್ವನಿಗೆ ಬಂದಿದ್ದರು. "ನಾನು ರಾತ್ರಿ ಹೋಟೆಲಿಂದ ಬರುವಾಗ ನೀನು ಒಂದು ದಿನವೂ ಎದ್ದಿರಲಿಲ್ಲ."

ನಾನು ಅಪ್ಪನ ಹೆಗಲಿನಿಂದ ಬೈರಾಸು ಎಳೆದುಕೊಂಡು ನೆಲದ ಮೇಲೆ ಮಲಗಿ, ಮುಖಕ್ಕೆ ಹಾಕಿಕೊಂಡೆ.

"ಬೇಗ ಹೇಳು ಮಾರಾಯ" ಎಂದೆ ಅಪ್ಪನ ಭಾರದ ಗಂಟಲಿನಲ್ಲಿ. "ಹೋಗ್ಲಿಕ್ಕುಂಟು."

ಬೈರಾಸಿನ ಆಚೆ ಅಪ್ಪ ನಗುತ್ತಿದ್ದುದು ಕೇಳಿಸಿತು.

"ಎಲ್ಲಿಗೆ ಹೋಗುದು? ಮಲಕ್ಕೋ. ಇನ್ನೂ ರಿಕ್ಷಾವೇ ಸಿಗಲಿಲ್ಲ ಅವನಿಗೆ."