ಉಪ್ಪು ಹೊತ್ತ ಬೆನ್ನು

ಕುದುರೆಯನ್ನು ಹೊಗಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರೆಲ್ಲ ಕುದುರೆಯನ್ನು ಪಟದಲ್ಲಿ ನೋಡಿದವರು. ನಾನು ಕುದುರೆಗಳ ಹಿತ್ತಲಲ್ಲಿ ಬೆಳೆದವಳು. ಹಳಿಯಾಳದ ನಮ್ಮ ಮನೆಯ ಹಿಂದೆ ಅಪ್ಪನ ಹೇರುಕುದುರೆಗಳು ಕಟ್ಟಿರುತ್ತಿದ್ದವು. ಹಿತ್ತಲ ತುಂಬ ಲದ್ದಿ, ಲದ್ದಿಯ ತುಂಬ ನೊಣ, ಆ ನೊಣ ಬಂದು ಕೂರುವುದು ನನ್ನ ರೊಟ್ಟಿಯ ಮೇಲೆ. ಮಳೆಗಾಲದಲ್ಲಿ ಅವುಗಳ ಉಚ್ಚೆಯ ನಾತ ಗೋಡೆಗೆ ಹತ್ತಿ ದೇವರ ಮನೆಯ ಊದಿನಕಡ್ಡಿಯನ್ನೂ ಮೀರಿಸುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು ಸರಿದು ಕೂತರೆ ನನಗೆ ಅವಳ ಮೇಲೆ ಸಿಟ್ಟು ಬರುತ್ತಿರಲಿಲ್ಲ. ನನಗೂ ನನ್ನ ಲಂಗದ ವಾಸನೆ ಬರುತ್ತಿತ್ತು.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಲಾರಿಗಳು ನಿಂತು, ಅಪ್ಪನ ಕುದುರೆಗಳಿಗೆ ಎಲ್ಲಿಲ್ಲದ ಮರ್ಯಾದೆ ಬಂದಿತ್ತು. ಅಳ್ನಾವರದ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಬಂದ ಉಪ್ಪನ್ನು ಅವುಗಳ ಮೇಲೆ ಹೇರಿ, ಚಕ್ಕಡಿ ಹೋಗದ ದಾರಿ ಹಿಡಿದು ಜೋಯಿಡಾ, ಉಳವಿ ಕಡೆಯ ಕಾಡಿನ ಹಳ್ಳಿಗಳಿಗೆ ಸಾಗಿಸುತ್ತಿದ್ದರು. ಬರುವಾಗ ಸೀಗೆಕಾಯಿ, ಅಳಲೆಕಾಯಿ ಹೇರಿಕೊಂಡು ಬರುತ್ತಿದ್ದವು. ಎಲ್ಲಕ್ಕಿಂತ ಕೆಟ್ಟ ಹೇರು ಉಪ್ಪಿನದು. ಮಳೆಗೂ ಬೆವರಿಗೂ ಕರಗಿ ಚೀಲದಿಂದ ಬೆನ್ನಿಗೆ ಇಳಿಯುತ್ತದೆ. ಮೊದಲು ಕೂದಲು ಹೋಗುತ್ತದೆ, ಆಮೇಲೆ ಚರ್ಮ, ಆಮೇಲೆ ಹುಣ್ಣು ಬೀಳುತ್ತದೆ. ಆಳುಗಳು ಅದರ ಮೇಲೆ ಒಂದು ಗೋಣಿತಟ್ಟು ಹಾಸಿ ಮತ್ತೆ ಉಪ್ಪನ್ನೇ ಹೇರುತ್ತಿದ್ದರು.

ಅಪ್ಪನಿಗೆ ಇದೆಲ್ಲ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಸಂತೆಯಲ್ಲಿ ಕುದುರೆ ಕೊಳ್ಳುವಾಗ ಉಳಿದವರು ಹಲ್ಲು ನೋಡುತ್ತಿದ್ದರೆ ಅಪ್ಪ ಬೆನ್ನು ನೋಡುತ್ತಿದ್ದ. ಹುಣ್ಣು ಮಾಯ್ದ ಜಾಗದಲ್ಲಿ ಬಿಳಿ ಕೂದಲು ಹುಟ್ಟುತ್ತದೆ. ಮಾರುವವ ಅದಕ್ಕೆ ಎಣ್ಣೆ ಹಚ್ಚಿ ಮಿರಿಮಿರಿ ಮಿಂಚಿಸಿ ತಂದಿರುತ್ತಾನೆ. ಅಪ್ಪ ಅಲ್ಲಿ ಹೆಬ್ಬೆರಳು ಇಟ್ಟು ಒತ್ತುತ್ತಿದ್ದ. ಕುದುರೆ ಬೆನ್ನು ತಗ್ಗಿಸಿತೆಂದರೆ ಮೇಲೆ ಮಾಯ್ದಿದೆ, ಒಳಗೆ ಮಾಯ್ದಿಲ್ಲ ಎಂದರ್ಥ. ಅಪ್ಪ ಮುಂದಿನ ಕುದುರೆಗೆ ಹೋಗುತ್ತಿದ್ದ. ಆದರೆ ಈ ಹೆಬ್ಬೆರಳಿನ ಪರೀಕ್ಷೆ ಪರರ ಕುದುರೆಗೆ ಮಾತ್ರ. ಮನೆಗೆ ಬಂದ ಕುದುರೆಯ ಬೆನ್ನನ್ನು ಅಪ್ಪ ಮತ್ತೆ ಎಂದೂ ಒತ್ತಿ ನೋಡಲಿಲ್ಲ. ಕೊಳ್ಳುವಾಗಿನ ಕಣ್ಣೇ ಬೇರೆ, ಹೇರುವಾಗಿನ ಕಣ್ಣೇ ಬೇರೆ.

ಅಕ್ಕನನ್ನು ಮುಂಡಗೋಡ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಕೂಸು ಹಾಲು ಕುಡಿಯುತ್ತಿರುವಾಗಲೇ ಜ್ವರ ಬಂದು ತೀರಿಕೊಂಡಿತು. ಅಕ್ಕ ಮಾತು ಬಿಟ್ಟಳು. ಕೂಸು ಸತ್ತ ತಾಯಿ ಮಾತು ಬಿಟ್ಟರೆ ಅದರಲ್ಲಿ ಸೋಜಿಗವೇನು? ಅವಳ ಅತ್ತೆಯ ಮನೆಯವರಿಗೆ ಮಾತ್ರ ಅದು ಗಾಳಿ ಸೋಕಿದ್ದರ ಗುರುತಾಗಿ ಕಂಡಿತು. ಯಾರನ್ನೋ ಕರೆಸಿ, ಕುಡುಗೋಲು ಕಾಯಿಸಿ, ಬೆನ್ನಿಗೆ ಬರೆ ಹಾಕಿಸಿದರು. ಗಾಳಿ ಹೋಗಲಿಲ್ಲ. ಕಡೆಗೆ ಚಕ್ಕಡಿಯಲ್ಲಿ ತಂದು ನಮ್ಮ ಮನೆಯಲ್ಲಿ ಇಳಿಸಿ, ಆರಾಮಾದ ಮೇಲೆ ಹೇಳಿ ಕಳಿಸಿದರೆ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿಹೋದರು. ಕಲಾಯಿಗೆ ಪಾತ್ರೆ ಕೊಟ್ಟು ಹೋದ ಹಾಗೆ.

ನೋಡಲು ಬಂದವರು ಒಬ್ಬರೇ, ಇಬ್ಬರೇ? ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಬಂದವಳೇ ಅಕ್ಕನ ಗದ್ದ ಎತ್ತಿ ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಎಲೆ ಅಡಿಕೆ ತುಂಬಿದ ಬಾಯಿಂದ ಅಕ್ಕನ ಮುಖಕ್ಕೇ ಕೆಂಪು ಹನಿ ಸಿಡಿಸುತ್ತ, ಇವಳಿಗೆ ಇನ್ನೊಂದು ಬರೆ ಬಿದ್ದಿದ್ದರೆ ಗುಣವಾಗುತ್ತಿತ್ತು ಎಂದಳು. ಒಬ್ಬರು ಒಣಮೆಣಸಿನಕಾಯಿ ಸುಟ್ಟು ಹೊಗೆ ಹಾಕಿದರು, ಇನ್ನೊಬ್ಬರು ನಿಂಬೆಹಣ್ಣು ಕೊಯ್ದರು. ಎಲ್ಲ ಮುಗಿಸಿ ಕೈ ತೊಳೆದು ಅವ್ವ ಮಾಡಿದ ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಅಕ್ಕ ಗೋಡೆಗೆ ಮುಖ ಮಾಡಿ ಕೂತೇ ಇರುತ್ತಿದ್ದಳು. ಅವಳಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಅವ್ವ ಎಣ್ಣೆ ಹಚ್ಚಲು ಹೋದರೂ ಕೈ ತಳ್ಳುತ್ತಿದ್ದಳು.

ಶ್ರಾವಣದಲ್ಲಿ ಒಂದು ಕಂದು ಬಣ್ಣದ ಹೆಣ್ಣು ಕುದುರೆ ಕಾಡಿನಿಂದ ತಿರುಗಿ ಬಂತು. ಗೋಣಿತಟ್ಟು ಎತ್ತಿದಾಗ ಆಳುಗಳೇ ಹಿಂದೆ ಸರಿದರು. ಬೆನ್ನಿನಲ್ಲಿ ಅಂಗೈ ಅಗಲದ ಗುಂಡಿ, ಗುಂಡಿಯ ತುಂಬ ಹುಳ. ಅನ್ನ ಕುದಿಯುವಂತೆ ಮಿಜಿಮಿಜಿ ಆಡುತ್ತಿದ್ದವು. ನಾನು ಬಾವಿಯ ಕಟ್ಟೆಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ, ಆಮೇಲೆ ಎಷ್ಟೋ ದಿನ ನನಗೆ ಅನ್ನ ಸೇರಲಿಲ್ಲ. ಹತ್ತಿರ ಹೋದವರನ್ನು ಆ ಕುದುರೆ ಕಚ್ಚಿತು, ಒದೆಯಿತು. ಬದುಕಿದರೆ ಬದುಕಲಿ ಎಂದು ಅಪ್ಪ ಅದನ್ನು ಮೂಲೆಯಲ್ಲಿ ಕಟ್ಟಿಸಿದ.

ಆ ನಾತಕ್ಕೆ ಮನೆಯವರೆಲ್ಲ ಹಿತ್ತಲ ಬಾಗಿಲು ಮುಚ್ಚಿಕೊಂಡು ಕೂತರೆ, ಅಕ್ಕ ಬಾಗಿಲು ತೆಗೆದು ಹೊರಗೆ ಹೋದಳು. ದೂರ ನಿಂತು ಅದರ ಬೆನ್ನನ್ನೇ ನೋಡಿದಳು. ಮಾರನೆಯ ದಿನ ಬಾವಿಯ ಹತ್ತಿರದ ಸೀತಾಫಲದ ಗಿಡದಿಂದ ಎಲೆ ತರಿದು ತಂದು, ನಾವು ಚಟ್ನಿ ರುಬ್ಬುವ ಒಳಕಲ್ಲಿನಲ್ಲೇ ಅರೆದಳು. ಅವ್ವ ಬಾಯಿ ಬಾಯಿ ಬಡಿದುಕೊಂಡಳು. ಅಕ್ಕ ಕೇಳಿಸಿಕೊಳ್ಳದವಳಂತೆ ಆ ಹಸಿರು ಮುದ್ದೆ ತೆಗೆದುಕೊಂಡು ಹೋಗಿ ಕುದುರೆಯ ಎದುರು ನಿಂತಳು. ಕುದುರೆ ಕಿವಿ ಹಿಂದಕ್ಕೆ ಮಡಚಿ ಹಲ್ಲು ತೆಗೆಯಿತು. ಅಕ್ಕ ಹಿಂದೆ ಸರಿಯಲಿಲ್ಲ, ಮುಂದೆಯೂ ಹೋಗಲಿಲ್ಲ. ಬೆಳಗು ಹೋಗಿ ಮಧ್ಯಾಹ್ನವಾಯಿತು. ಕಡೆಗೆ ಕುದುರೆಗೇ ಬೇಸರ ಬಂತೋ ಏನೋ, ತಲೆ ತಗ್ಗಿಸಿ ನಿಂತಿತು. ಅಕ್ಕ ಎಲೆಯ ಮುದ್ದೆಯನ್ನು ಹುಣ್ಣಿಗೆ ತುಂಬಿದಳು.

ಔಷಧ ತಾಗಿದ್ದೇ ಹುಳಗಳು ಮೇಲೆದ್ದು ಬಂದವು. ಅಕ್ಕ ಕಡ್ಡಿಯಿಂದ ಒಂದೊಂದನ್ನೇ ಆರಿಸಿ ತೆಗೆದಳು. ಕಡ್ಡಿಗೆ ಬಾರದವನ್ನು ಬೆರಳಿನಿಂದಲೇ ತೆಗೆದಳು. ನಾನು ಮೂಗಿಗೆ ಲಂಗ ಒತ್ತಿಕೊಂಡು, ನಿನಗೆ ಹೇಸಿಗೆ ಆಗುವುದಿಲ್ಲವೇ ಎಂದು ಕೇಳಿದೆ. ಅವಳು ಮುಂದಿನ ಹುಳ ಹುಡುಕಿದಳು. ಆವತ್ತು ಸಂಜೆ ಅವ್ವನ ಮುಂದೆ ತಾನಾಗಿಯೇ ಬಂದು, ಬೆನ್ನು ಕೊಟ್ಟು, ಎಣ್ಣೆ ಹಚ್ಚಿಸಿಕೊಂಡಳು.

ಅಲ್ಲಿಂದ ಅವಳ ಇರುವಿಕೆಯೆಲ್ಲ ಹಿತ್ತಲಿಗೆ ವರ್ಗವಾಯಿತು. ಹುಣ್ಣಿಗೆ ಬೇವಿನೆಣ್ಣೆ, ಅರಿಶಿನ. ಬಾಲ ಸಿಕ್ಕುಗಟ್ಟಿದರೆ ನಮ್ಮ ಬಾಚಣಿಗೆ! ಒಂದು ದಿನ ಕುದುರೆ ಅವಳ ಹೆಗಲ ಮೇಲೆ ಗದ್ದ ಊರಿ ಹಸಿರು ಜೊಲ್ಲನ್ನು ಸೀರೆಯ ಮೇಲೆಲ್ಲ ಸುರಿಸಿತು. ಅಕ್ಕ ನಕ್ಕಳು. ಕೂಸು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅವ್ವ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಸಂತೋಷವಾಯಿತು, ಆದರೆ ಆ ಸೀರೆ ಒಗೆಯುವ ಪಾಳಿ ನನ್ನದಾಗಿತ್ತು.

ಮತ್ತೊಂದು ದಿನ ತಾನು ಉಣ್ಣುವ ಗಂಗಾಳದಲ್ಲೇ ಬೇಯಿಸಿದ ಹುರುಳಿ ಹಾಕಿ ಅದಕ್ಕೆ ತಿನ್ನಿಸಿದಳು. ಕುದುರೆ ನೆಕ್ಕಿದ ಗಂಗಾಳವನ್ನು ತೊಳೆದು, ಅದರಲ್ಲೇ ತಾನೂ ಉಂಡಳು. ನಾನು ಅವಳ ಪಂಕ್ತಿಯಿಂದ ಎದ್ದು ಬಂದೆ. ನನ್ನ ಗಂಗಾಳ ಅದರ ಜೊತೆ ಬೆರೆಯದಿರಲೆಂದು ಬೇರೆ ಗೂಡಿನಲ್ಲಿ ಇಟ್ಟುಕೊಂಡೆ.

ಲದ್ದಿ ಬಳಿಯಲು ಹೋದಾಗ ಅವಳು ಕುದುರೆಯ ಕುತ್ತಿಗೆಗೆ ಹಣೆ ಹಚ್ಚಿ ಮಾತಾಡುವುದು ನನಗೆ ಕೇಳಿತು. ಕೂಸಿನ ಮಾತು, ಅದರ ಕಾಲಿನ ಗೆಜ್ಜೆಯ ಮಾತು. ಆಮೇಲೆ, "ಕೈ ಹಿಡದವರು ಮಂದಿ ಅಲ್ಲ. ಅವರ ಹಿಡದಿದ್ರು" ಅಂದಳು. ಬರೆ ಹಾಕುವಾಗ ಅವಳ ಕೈ ಕದಲದಂತೆ ಹಿಡಿದಿದ್ದವನು ಗಂಡನೇ. ನಾನು ಬುಟ್ಟಿ ಅಲ್ಲೇ ಬಿಟ್ಟು ಓಡಿ ಅವ್ವನಿಗೆ ಹೇಳಿದೆ, ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ, ಗುಣವಾಗಲಿ ಎಂದೇ ಹಾಕಿಸಿದ್ದಾರಲ್ಲ, ಕೆಟ್ಟದ್ದಾಗಲಿ ಎಂದಲ್ಲವಲ್ಲ ಎಂದ. ನಾನು ಅಲ್ಲಿ ನಿಲ್ಲದೆ, ಬುಟ್ಟಿ ಬಿಟ್ಟು ಬಂದಿದ್ದ ಹಿತ್ತಲಿಗೇ ತಿರುಗಿ ಹೋದೆ.

ದೀಪಾವಳಿಯ ಹೊತ್ತಿಗೆ ಕುದುರೆಯ ಹುಣ್ಣು ಮುಚ್ಚಿ ಬಿಳಿ ಕೂದಲು ಬಂತು. ಅಕ್ಕ ಮೈ ತುಂಬಿಕೊಂಡಳು. ನಮ್ಮ ಜೊತೆಗೂ ನಾಲ್ಕು ಮಾತಾಡತೊಡಗಿದಳು. ನನ್ನ ಜಡೆ ಹೆಣೆದಳು, ಕೈ ತೊಳೆದುಕೊಂಡು ಬಂದರೆ ಮಾತ್ರ ಎಂದು ನಾನು ಷರತ್ತು ಹಾಕಿದ್ದೆ. ಅಪ್ಪ ಇದನ್ನೆಲ್ಲ ನೋಡಿ ಸಂತೋಷಪಟ್ಟ. ಸಂತೋಷಪಟ್ಟು ಎರಡು ಕೆಲಸ ಮಾಡಿದ. ಕಂದು ಕುದುರೆ ವಾಸಿಯಾಗಿದೆ, ಮುಂದಿನ ಉಪ್ಪಿನ ಸರದಿಗೆ ಅದನ್ನೂ ಹೊರಡಿಸಿ ಎಂದು ಆಳುಗಳಿಗೆ ಹೇಳಿದ. ಮಗಳು ಆರಾಮಾಗಿದ್ದಾಳೆ, ಬಂದು ಕರೆದುಕೊಂಡು ಹೋಗಿ ಎಂದು ಮುಂಡಗೋಡಕ್ಕೆ ಹೇಳಿ ಕಳಿಸಿದ.

ಅಳಿಯ ಬಂದ. ಬಿಳೀ ಧೋತರ, ತಲೆಗೆ ಪರಿಮಳದ ಎಣ್ಣೆ. ಅವನಿಗೆ ಹೋಳಿಗೆ, ಶಾವಿಗೆ ಪಾಯಸ. ಬಡಿಸುವ ಕೆಲಸ ನನ್ನದು. ತುಪ್ಪದಲ್ಲಿ ಅದ್ದಿದ ಅವನ ಬೆರಳುಗಳನ್ನೇ ನೋಡುತ್ತ ನಿಂತಿದ್ದೆ. ಮೆತ್ತನೆಯ, ಚೊಕ್ಕ ಬೆರಳುಗಳು, ಉಗುರಿನಲ್ಲಿ ಕೊಳೆ ಇಲ್ಲ. ಪಾಯಸ ಬಹಳ ಚೆನ್ನಾಗಿದೆ ಎಂದು ಬೆರಳು ನೆಕ್ಕಿದ. ಹಿತ್ತಲ ನಾತಕ್ಕೆ ಮುಖ ಸಿಂಡರಿಸಿ, ಇಂಥ ಕಡೆ ಹೇಗೆ ಇರುತ್ತೀರೋ ಎಂದೂ ಕೇಳಿದ. ಅಕ್ಕ ಒಳಗೆ ಇರಲಿಲ್ಲ. ಅವಳ ಟ್ರಂಕು ಮಾತ್ರ ಬಾಗಿಲಲ್ಲಿತ್ತು.

ಹೊರಡುವ ಹೊತ್ತಾಯಿತೆಂದು ಅಪ್ಪ ಅವಳನ್ನು ಹುಡುಕಿ ಹಿತ್ತಲಿಗೆ ಬಂದ. ಅವನ ಹಿಂದೆ ಅಳಿಯ, ಅವ್ವ, ನಾನು. ಆಳುಗಳು ಕಂದು ಕುದುರೆಯ ಬೆನ್ನಿಗೆ ಗೋಣಿತಟ್ಟು ಹಾಸಿ ಉಪ್ಪಿನ ಚೀಲ ಎತ್ತುವುದರಲ್ಲಿದ್ದರು. ಅಕ್ಕ ಹೋಗಿ ಗೋಣಿತಟ್ಟನ್ನು ಎಳೆದು ನೆಲಕ್ಕೆ ಹಾಕಿದಳು.

"ಅಪ್ಪಾ, ಇದನ್ನ ಒತ್ತಿ ನೋಡು."

ಅದು ವಾಸಿಯಾಗಿದೆಯಲ್ಲ ಎಂದು ಅಪ್ಪ ಬಿಳಿ ಕೂದಲು ತೋರಿಸಿದ.

"ಸಂತ್ಯಾಗ ಒತ್ತತೀಯಲ್ಲ, ಹಂಗ ಒತ್ತು."

ಆಳುಗಳೆಲ್ಲ ನೋಡುತ್ತಿದ್ದರು. ಅಪ್ಪ ಹೆಬ್ಬೆರಳು ಇಟ್ಟು ಒತ್ತಿದ. ಕುದುರೆ ಬೆನ್ನು ತಗ್ಗಿಸಿತು, ಹಿಂಗಾಲು ಕುಸಿಯುವಷ್ಟು ತಗ್ಗಿಸಿತು. ಅಪ್ಪನ ಮುಖ ಸಣ್ಣದಾಯಿತು. ಸಂತೆಯಲ್ಲಾಗಿದ್ದರೆ ಅವನು ಆ ಕುದುರೆಯನ್ನು ಬಿಟ್ಟು ಮುಂದೆ ಹೋಗಿರುತ್ತಿದ್ದ.

ಅಕ್ಕ ತಿರುಗಿ ಅವನಿಗೆ ಬೆನ್ನು ಕೊಟ್ಟು ನಿಂತಳು. ಸೆರಗನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಂಡಳು. ಕುಪ್ಪಸದ ಅಂಚಿನ ಕೆಳಗೆ ಬರೆಯ ತುದಿ ಕಾಣುತ್ತಿತ್ತು. ಅಪ್ಪ ಅದನ್ನು ಅದುವರೆಗೆ ನೋಡಿರಲಿಲ್ಲ.

"ಈಗ ಇದನ್ನ ಒತ್ತು. ಒತ್ತಿ, ಆಮ್ಯಾಲೆ ಕಳಸು."

ಅಪ್ಪನ ಹೆಬ್ಬೆರಳು ಮೇಲೆದ್ದು ಅವಳ ಬೆನ್ನಿನ ಹತ್ತಿರ ಹೋಯಿತು. ಮುಟ್ಟಲಿಲ್ಲ. ಮುಟ್ಟುವ ಮೊದಲೇ ಅಕ್ಕನ ಬೆನ್ನು ಒಳಕ್ಕೆ ತಗ್ಗಿತು. ಅಪ್ಪ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಧೋತರಕ್ಕೆ ಒರೆಸಿಕೊಂಡ. ನನ್ನ ಪಕ್ಕದಲ್ಲಿ ನಿಂತಿದ್ದ ಅಳಿಯನಿಂದ ಪರಿಮಳದ ಎಣ್ಣೆಯ ವಾಸನೆ ಬರುತ್ತಿತ್ತು. ಇಡೀ ಹಿತ್ತಲಿನಲ್ಲಿ ನನಗೆ ತಡೆಯಲಾಗದ ನಾತವೆಂದರೆ ಅದೊಂದೇ ಆಗಿತ್ತು.

ಅಪ್ಪ ಆಳುಗಳಿಗೆ ಉಪ್ಪನ್ನು ಒಳಗಿಡಲು ಹೇಳಿದ. ಆಮೇಲೆ ಅಳಿಯನ ಮುಖ ನೋಡದೆ, "ಆಕಿ ಬರೂದಿಲ್ಲ. ನೀವು ಹೊತ್ತ ಮುಳಗೂದ್ರಾಗ ಹೊಂಡ್ರಿ" ಎಂದ. ಅಳಿಯ ಏನೇನೋ ಹೇಳಿದ, ಊರಿನ ನಾಲ್ಕು ಹಿರಿಯರ ಮಾತೆತ್ತಿದ. ಅಪ್ಪ ಟ್ರಂಕನ್ನು ತಾನೇ ಎತ್ತಿ ಒಳಗೆ ತಂದಿಟ್ಟ. ಅಳಿಯ ತಂದಿದ್ದ ಚಕ್ಕಡಿ ಅವನೊಬ್ಬನನ್ನೇ ಹೊತ್ತು ಮುಂಡಗೋಡದ ದಾರಿ ಹಿಡಿಯಿತು.

ಸಂಜೆ ಪಾತ್ರೆ ತೊಳೆಯುವಾಗ ಅಳಿಯ ಉಂಡ ಗಂಗಾಳ ಕೈಗೆ ಬಂತು. ಬೂದಿ, ಹುಣಿಸೆ ಹಾಕಿ ತಿಕ್ಕಿದೆ. ಬೆಳ್ಳಿಯಂತೆ ಬೆಳಗಿತು, ಆದರೂ ಒಳಗೆ ಒಯ್ಯಲು ಮನಸ್ಸಾಗಲಿಲ್ಲ. ಹೇಗೂ ಕುದುರೆಗೆ ಹುರುಳಿ ಇಡಲು ಒಂದು ಬೇಕಲ್ಲ ಎಂದುಕೊಂಡು ಹಿತ್ತಲಿಗೆ ಒಯ್ದು ಅಕ್ಕನ ಮುಂದೆ ಹಿಡಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಬ್ಯಾಡ ತಂಗೀ. ಅದರಾಗ ಇದು ತಿನ್ನೂದು ಬ್ಯಾಡ" ಎಂದು ಹೇಳಿ, ತನ್ನ ಗಂಗಾಳದಲ್ಲೇ ಹುರುಳಿ ಸುರಿದಳು.