ದಿನಕ್ಕೆ ಐದು ಮಾತು

ಅವರ ಎಡಗಣ್ಣಿನಲ್ಲಿ ಪೊರೆ ಇತ್ತು. ನೀರುಮಜ್ಜಿಗೆಯ ಒಂದು ಹನಿ ಕಣ್ಣುಗುಡ್ಡೆಯ ಮೇಲೆ ಬಿದ್ದು ಅಲ್ಲೇ ನಿಂತುಬಿಟ್ಟ ಹಾಗೆ. ಎಡಗಣ್ಣು ಎಂದು ಬರೆದೆ, ಬಲಗಣ್ಣೂ ಆಗಿರಬಹುದು. ನಾನು ಅವರ ಎದುರಿಗೆ ಕೂತು ಕಲಿತವಳು. ನನ್ನ ನೆನಪಿನ ಎಡ ಅವರಿಗೆ ಬಲವಾಗಿದ್ದರೆ ಆಶ್ಚರ್ಯವಿಲ್ಲ. ಇಂಥ ತಪ್ಪುಗಳು ಮುಂದೆಯೂ ಇರುತ್ತವೆ. ನಾನು ದಿನಚರಿ ಬರೆಯತೊಡಗಿದ್ದು ಅವರು ನಮ್ಮ ಮನೆ ಬಿಟ್ಟು ಹೋದ ಮೇಲೆ. ಹಾಗಾಗಿ ಅವರ ಬಗ್ಗೆ ನನ್ನ ಹತ್ತಿರ ಬರೆದಿಟ್ಟ ಸಾಕ್ಷಿ ಒಂದೂ ಇಲ್ಲ. ನೆನಪು ಮಾತ್ರ ಇದೆ. ಅದನ್ನು ಇಷ್ಟು ವರ್ಷ ತೆಗೆದು ತೆಗೆದು ನೋಡಿ, ಅದರ ಮೇಲೆ ಈಗ ನನ್ನ ಬೆರಳಚ್ಚೇ ಜಾಸ್ತಿಯಾಗಿದೆ.

ಹೊಸಪೇಟೆಯಲ್ಲಿ ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ನಾನು ಮತ್ತು ಅಕ್ಕ ಅವರನ್ನು ಗುಮಾಸ್ತ ಮಾವ ಎನ್ನುತ್ತಿದ್ದೆವು. ಸಂಡೂರಿನ ಗುಡ್ಡದಿಂದ ಮ್ಯಾಂಗನೀಸ್ ಅದಿರು ಇಳಿಸಿ ರೈಲಿಗೆ ಹಾಕಿಸುವ ಒಬ್ಬ ವ್ಯಾಪಾರಿಯ ಹತ್ತಿರ ಅವರು ತೂಕದ ಗುಮಾಸ್ತರಾಗಿದ್ದರು. ಆ ಅದಿರಿನಲ್ಲಿ ಒಂದಷ್ಟು ಜಪಾನಿಗೆ ಹೋಗುತ್ತಿತ್ತಂತೆ. ಅಲ್ಲಿ ತೂಕ ಕಡಿಮೆ ಬರುತ್ತಿದೆ ಎಂದು ತಕರಾರು ಎದ್ದಾಗ, ಹಡಗಿನಿಂದ ಇಳಿಯುವ ಮಾಲನ್ನು ನಿಂತು ನೋಡಲು ಇವರನ್ನೇ ಕೋಬೆ ಎಂಬ ಬಂದರಿಗೆ ಕಳಿಸಿದ್ದರು. ಒಂದು ಮಳೆಗಾಲಕ್ಕೆಂದು ಹೋದವರು ಐದು ವರ್ಷ ಉಳಿದರು. ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ತಿರುಗಿ ಬರುವಾಗ ಒಂದು ಟ್ರಂಕಿನ ತುಂಬ ನೋಟುಪುಸ್ತಕಗಳನ್ನು ತಂದಿದ್ದರು. ಬಳ್ಳಾರಿ ಜಿಲ್ಲೆಯಲ್ಲಿ ಜಪಾನಿ ಮಾತು ಬಲ್ಲವರು ಇನ್ನೊಬ್ಬರು ಇದ್ದರೋ ಇಲ್ಲವೋ, ನಾನಂತೂ ಕೇಳಿಲ್ಲ.

ಅದನ್ನು ಅವರು ಕಲಿತದ್ದು ಕೋಬೆಯಲ್ಲಿ ತಾವು ಊಟ ವಸತಿಗಿದ್ದ ಒಬ್ಬ ಮುದುಕಿಯ ಮನೆಯಲ್ಲಿ. ಆ ಕತೆಯನ್ನು ನನಗೆ ಎಷ್ಟೋ ಸಲ ಹೇಳಿದ್ದಾರೆ.

"ಮೊದಲನೇ ದಿನ ಇಂಗ್ಲೀಷಿನಾಗ ಅನ್ನ ಕೇಳಿದೆ. ಮುದುಕಿ ಕಿವಿ ಕೇಳದಾಕಿ ಹಂಗ ಕುಂತ್ಲು. ಎರಡನೇ ದಿನ ಕೈಸನ್ನಿ ಮಾಡಿದೆ. ಮುಖ ತಿರುವಿದ್ಲು. ಮೂರನೇ ದಿನ ಆಕಿ ಮಾತಿನಾಗ ಅಂದೆ ನೋಡು, ಬಟ್ಟಲ ತುಂಬ ಬಡಿಸಿದ್ಲು."

"ಎರಡು ದಿನ ಉಪಾಸ ಇದ್ರೇನು ಮಾವ?"

"ಬಾಳೆಹಣ್ಣು ತಿಂದಿದ್ದೆ. ಅದನ್ನ ಯಾರಿಗೂ ಹೇಳಬ್ಯಾಡ, ಕತಿ ಕೆಡತೈತಿ."

ಊರಿಗೆ ಬಂದ ಮೇಲೂ ಅವರು ಅಭ್ಯಾಸ ಬಿಡಲಿಲ್ಲ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಹೊರಗಿನ ಕಟ್ಟೆಯ ಕಲ್ಲಿನ ಮೇಲೆ ಕೂರುವರು. ಪಕ್ಕದಲ್ಲಿ ಚೊಂಬಿನ ನೀರು. ಬೆರಳು ಅದ್ದಿ ಕಲ್ಲಿನ ಮೇಲೆ ಒಂದು ಮಾತು ಬರೆಯುವರು, ಬಾಯಲ್ಲಿ ಅನ್ನುವರು, ಮುಂದಿನದಕ್ಕೆ ಹೋಗುವರು. ಐದನೆಯದು ಬರೆಯುವಷ್ಟರಲ್ಲಿ ನಮ್ಮೂರ ಬಿಸಿಲಿಗೆ ಮೊದಲನೆಯದು ಆರಿರುತ್ತಿತ್ತು. ಆರಿದ್ದನ್ನು ಪುಸ್ತಕ ನೋಡದೆ ಮತ್ತೆ ಬರೆಯಬೇಕು. ಜ್ವರ ಬಂದರೂ ಐದು, ಹಬ್ಬವಿದ್ದರೂ ಐದು. ಒಂದು ಸಲ ನಾನು ಉಮೇದಿನಲ್ಲಿ ಎಂಟು ಕಲಿಯುತ್ತೇನೆಂದು ಹಟ ಮಾಡಿದೆ. "ಬ್ಯಾಡ. ಇವತ್ತು ಎಂಟು ಕಲ್ತಾಕಿ ನಾಳೆ ಒಂದೂ ಕಲಿಯಂಗಿಲ್ಲ. ಆರು ಬ್ಯಾಡ, ನಾಕೂ ಬ್ಯಾಡ" ಎಂದರು.

ನನಗೆ ಯಾಕೆ ಕಲಿಸಿದರು ಎಂಬುದಕ್ಕೆ ಕಾರಣ ಅವರ ಕಣ್ಣು. ಪೊರೆ ಇನ್ನೊಂದು ಕಣ್ಣಿಗೂ ಹಬ್ಬುತ್ತಿತ್ತು. ಆ ಮುದುಕಿಯಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು, ಕುಂಚದಲ್ಲಿ ಬರೆದದ್ದು. ಉತ್ತರ ಬರೆಯುವುದಕ್ಕೆ ಇವರು ತಿಂಗಳುಗಟ್ಟಲೆ ತಯಾರಿ ಮಾಡುತ್ತಿದ್ದರು. ಕಣ್ಣು ಪೂರ್ತಿ ಹೋದ ಮೇಲೆ ಆ ಕಾಗದವನ್ನು ಓದಿ ಹೇಳುವವರು ಬೇಕಲ್ಲ. ನಾನು ಆಗಷ್ಟೇ ದೊಡ್ಡವಳಾಗಿ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದೆ. ಅಪ್ಪ ತಾಲ್ಲೂಕು ಕಚೇರಿಯ ನೌಕರ, ವಿದ್ಯೆಯ ಮೇಲೆ ಗೌರವವಿದ್ದ ಮನುಷ್ಯ. "ಕಲೀಲಿ ಬಿಡ್ರಿ, ಹೆಂಗೂ ಮನ್ಯಾಗ ಕುಂತಾಳ" ಎಂದು ಒಪ್ಪಿಬಿಟ್ಟರು. ಅವ್ವನಿಗೆ ಇಷ್ಟವಿರಲಿಲ್ಲ. "ಆ ಮುದುಕಿ ಇವರಿಗೆ ಏನಾಗಬೇಕಂತ?" ಎಂದು ಗೊಣಗುತ್ತಿದ್ದಳು. ಆ ಮಾತು ಅವರ ಕಿವಿಗೆ ಬಿದ್ದ ದಿನ ನನಗೆ ಹೇಳಿದರು: "ಟೈಫಾಯ್ಡ್ ಆದಾಗ ನನ್ನ ಹೊಲಸು ಬಳಿದಾಕಿ ಅವ್ವಾ ಆಕಿ. ಆಕಿಗೆ ನನ್ನ ಬಿಟ್ರ ಕಾಗದ ಬರಿಯಾವ್ರು ಯಾರೂ ಇಲ್ಲ."

ಒಂದೇ ಒಂದು ಕಾಗದವನ್ನು ನಾನು ಅವರಿಗೆ ಓದಿ ಹೇಳಿದ್ದೇನೆ. ಅರ್ಧ ತಿಳಿಯಿತು, ಇನ್ನರ್ಧವನ್ನು ಅವರು ನನ್ನಿಂದ ಅಕ್ಷರದ ಗೆರೆಗಳನ್ನು ಹೇಳಿಸಿಕೊಂಡು ತಾವೇ ಬಿಡಿಸಿದರು. ಗಾಳಿಗೆ ಮನೆಯ ಹೆಂಚು ಹಾರಿತ್ತು, ಮಂಡಿ ನೋವು, ಈಗಲಾದರೂ ಮೀನು ತಿನ್ನುತ್ತೀಯೋ ಇಲ್ಲವೋ ಎಂದು ಬರೆದಿದ್ದಳು. ಮೀನಿನ ಮಾತಿಗೆ ಅವರು ಕೆಮ್ಮು ಬರುವಷ್ಟು ನಕ್ಕರು.

ಕಲಿಸುವುದರಲ್ಲಿ ಅವರಿಗೆ ಇನ್ನೊಂದು ಕಟ್ಟುನಿಟ್ಟಿತ್ತು. ಬೆಳಿಗ್ಗೆ ನಾನೂ ಅಕ್ಕನೂ ಬಸವಣ್ಣ ಕಾಲುವೆಗೆ ನೀರಿಗೆ ಹೋಗುತ್ತಿದ್ದೆವು. ಹೊಸ್ತಿಲು ದಾಟಿದಾಗಿನಿಂದ ಕೊಡ ಹೊತ್ತು ತಿರುಗಿ ಹೊಸ್ತಿಲೊಳಗೆ ಬರುವವರೆಗೆ ನಾನು ಕನ್ನಡ ಆಡುವಂತಿರಲಿಲ್ಲ. ಕಂಡದ್ದನ್ನೆಲ್ಲ ಆ ಭಾಷೆಯಲ್ಲೇ ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. "ಗೊತ್ತಿಲ್ಲಂದ್ರ ಸುಮ್ನಿರು. ಕನ್ನಡಕ್ಕ ಓಡಿ ಬರಬ್ಯಾಡ" ಎನ್ನುತ್ತಿದ್ದರು. ನನಗೆ ಗೊತ್ತಿಲ್ಲದ್ದೇ ಹೆಚ್ಚಿದ್ದುದರಿಂದ ನಾನು ಸುಮ್ಮನೇ ಇರುತ್ತಿದ್ದೆ. ಕಾಲುವೆಯ ಹೆಂಗಸರು ನನಗೆ ಮೂಗಿ ಎಂದು ಹೆಸರಿಟ್ಟರು. "ಮೂಗಿ ಬಂದ್ಲು, ಜಾಗ ಬಿಡ್ರೇ" ಎನ್ನುವರು. ಅಕ್ಕ ನನ್ನ ಪರವಾಗಿ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದಳು. ಅವಳಿಗೆ ಅದು ಬೇಸರವಾಗಿತ್ತೋ ಏನೋ, ನಾನು ಆಗ ಯೋಚಿಸಲಿಲ್ಲ.

ಆಮೇಲೆ ಜಪಾನಿನವರು ಯುದ್ಧಕ್ಕಿಳಿದರು. ರಂಗೂನಿಗೆ ಬಾಂಬು ಬಿತ್ತೆಂಬ ಸುದ್ದಿ ಬಂತು, ಮದ್ರಾಸು ಖಾಲಿಯಾಗುತ್ತಿದೆ ಎಂದರು. ಒಂದು ಸಂಜೆ ಅಪ್ಪ ಕಚೇರಿಯಿಂದ ಬಂದವರು ಕೋಟು ಬಿಚ್ಚದೆ ನೇರ ಹೊರಗಿನ ಕೋಣೆಗೆ ಹೋದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಈ ಮಾತುಗಳನ್ನು ನಾನು ಕೇಳಿದ್ದು ನಿಜ.

"ಗುಮಾಸ್ತರ, ನಂದು ಸರಕಾರಿ ನೌಕರಿ. ಹುಡುಗಿ ಪಾಠ ನಿಲ್ಲಸ್ರಿ. ಆ ಪುಸ್ತಕ, ಆ ಕಾಗದ ಎಲ್ಲಾ ಒಲಿಗೆ ಹಾಕ್ರಿ."

"ಪಾಠ ನಿಲ್ಲಸ್ತೀನ್ರಿ. ಪುಸ್ತಕ ಮಾತ್ರ ನನ್ನ ಕೈಲೆ ಆಗಂಗಿಲ್ರಿ."

"ನಿಮಗ ಹಟ ಭಾಳ."

"ಹಟ ಅಲ್ರಿ. ಕಣ್ಣು ಹೊಂಟಾವು. ಅದೊಂದ ಉಳದೈತಿ."

ಮರುದಿನ ಬೆಳಿಗ್ಗೆ ಎರಡು ಸಂಗತಿ ನಡೆದವು. ಒಂದು ಕಾಲುವೆಯಲ್ಲಿ, ಒಂದು ನಮ್ಮ ಹೊಸ್ತಿಲಲ್ಲಿ.

ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಲ್ಲಿ ಪೊಲೀಸ್ ಜವಾನನೊಬ್ಬನ ಹೆಂಡತಿ ಇದ್ದಳು. ಕೆಟ್ಟವಳಲ್ಲ, ಬಾಯಿ ಜೋರು. ನನ್ನನ್ನು ಕಂಡು ಕೆಣಕಿದಳು: "ಏನವಾ ಮೂಗಿ, ನಿಮ್ಮ ಮನ್ಯಾಗಿನ ಗುಮಾಸ್ತ ಜಪಾನದಾಗ ಇದ್ದು ಬಂದಾನಂತಲ್ಲ. ಅವರು ಇಲ್ಲಿಗೆ ಬಂದ್ರ ನಮಗೊಂದಿಷ್ಟು ಹೇಳಿ ಉಳಿಸ್ತಾನೇನು ಕೇಳು." ಎಲ್ಲರೂ ನಕ್ಕರು. ಅಕ್ಕ ಏನೋ ಹೇಳಲು ಬಾಯಿ ತೆಗೆದಳು. ಅಷ್ಟರಲ್ಲಿ ನಾನು ಮಾತಾಡಿಬಿಟ್ಟೆ. ಪಾಠದ ನೇಮದ ಪ್ರಕಾರ, ಆ ಭಾಷೆಯಲ್ಲೇ.

"ಮಿಜು ವಾ ತ್ಸುಮೆತಾಯ್ ದೆಸು" ಎಂದೆ. ನೀರು ತಣ್ಣಗಿದೆ ಎಂದಷ್ಟೇ ಅದರ ಅರ್ಥ. ಕಾಲು ನೀರಿನಲ್ಲಿತ್ತು, ಅದೇ ಬಾಯಿಗೆ ಬಂತು. ನಾನು ಇನ್ನೊಬ್ಬರ ಮುಂದೆ ಆಡಿದ ಮೊದಲ ಪೂರ್ತಿ ವಾಕ್ಯ ಅದು. ತಡೆಯಿಲ್ಲದೆ ಬಂತಲ್ಲ ಎಂದು ಮೈ ಜುಮ್ಮೆಂದಿತು. ಬಟ್ಟೆ ಬಡಿಯುವ ಸದ್ದು ನಿಂತಿತು. ಮೂಗಿ ಬಾಯಿ ಬಿಟ್ಟಳಲ್ಲ ಎಂದು ಯಾರೋ ನಕ್ಕರು. ಜವಾನನ ಹೆಂಡತಿ ನಗಲಿಲ್ಲ.

ಹೊಸ್ತಿಲಲ್ಲಿ ನಡೆದದ್ದು ಇಷ್ಟು. ಗುಮಾಸ್ತ ಮಾವ ಬಾಗಿಲ ಪಕ್ಕ ನಿಂತು, "ಇವತ್ತಿಂದ ಬ್ಯಾಡವ್ವಾ. ಹೊರಗ ಕಾಲಿಟ್ರ ಕನ್ನಡಾನ ಮಾತಾಡು" ಎಂದರು. ನಾನು ಹೂಂ ಎಂದೆ. ನನ್ನ ಸೊಂಟದ ಮೇಲೆ ಕೊಡ ಇತ್ತು. ಅಕ್ಕ ನನ್ನ ಹಿಂದೆ ಇದ್ದಳು. ಒಮ್ಮೊಮ್ಮೆ ನೆನೆದಾಗ ಆ ಕೊಡ ಹಗುರವಾಗಿರುತ್ತದೆ, ನಾವು ಹೊರಡುತ್ತಿದ್ದೇವೆ. ಒಮ್ಮೊಮ್ಮೆ ತುಂಬಿದ ಕೊಡದಿಂದ ನೀರು ತುಳುಕಿ ನನ್ನ ಲಂಗ ತೋಯುತ್ತಿರುತ್ತದೆ, ನಾವು ತಿರುಗಿ ಬಂದಿದ್ದೇವೆ. ಎರಡೂ ಅಷ್ಟೇ ಸ್ಪಷ್ಟ. ಹೋಗುವ ಮೊದಲೇ ಅವರು ಹೇಳಿದ್ದರೆ, ಕೇಳಿಸಿಕೊಂಡು, ಹೂಂ ಎಂದು ಹೋಗಿ, ಬೇಕೆಂದೇ ಮಾತಾಡಿದವಳು ನಾನು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಪೊಲೀಸರು ಬಂದರು. ಟ್ರಂಕು ಹೊರಗೆಳೆದು ಪುಸ್ತಕಗಳನ್ನು ಕಟ್ಟೆಯ ಮೇಲೆ ಸುರಿದರು. ಸಾಹೇಬನೊಬ್ಬ ಮುದುಕಿಯ ಕಾಗದಗಳನ್ನು ತಲೆಕೆಳಗು ಹಿಡಿದು ನೋಡಿದ. ನನ್ನ ಕಡೆ ಬೆರಳು ತೋರಿಸಿ, "ಈ ಹುಡುಗಿಗೂ ಬರ್ತದಂತಲ್ಲ?" ಎಂದ. ಅಪ್ಪನ ಮುಖ ಸುಣ್ಣವಾಯಿತು.

ಗುಮಾಸ್ತ ಮಾವ ನಕ್ಕರು. "ಆಕಿಗೇನ್ರಿ ಬರತೈತಿ? ಗಿಣಿ ಇದ್ದಂಗ ಆಕಿ. ನಾ ಅಂದದ್ದು ಅಂತಾಳ. ಅರ್ಥ ಕೇಳ್ರಿ, ಒಂದಾದ್ರೂ ಹೇಳಿದ್ರ ನನ್ನ ಕಿವಿ ಕೊಯ್ಸಿಕೋತೀನಿ. ಮಂದಬುದ್ಧಿ ಹುಡುಗಿ, ಹೊತ್ತು ಹೋಗಲಿ ಅಂತ ಕಲಿಸಿದ್ದೆ."

ಅವರನ್ನು ಬಳ್ಳಾರಿಗೆ ಕರೆದೊಯ್ದರು. ನನ್ನನ್ನು ಬಿಟ್ಟರು. ಮಂದಬುದ್ಧಿ ಎಂದದ್ದಕ್ಕೆ ನಾನು ಎಷ್ಟು ದಿನ ಸಿಟ್ಟಾಗಿದ್ದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅವರು ಅಲ್ಲಿ ಏನುಣ್ಣುತ್ತಿರಬಹುದು ಎಂದು ನನಗೆ ತೋಚಲೇ ಇಲ್ಲ. ನಾನು ಗಿಣಿಯಲ್ಲ ಎಂದು ಸಾಹೇಬನಿಗೆ ಹೇಳಬೇಕಿತ್ತು ಎಂದು ಒಳಗೇ ಕುದಿಯುತ್ತಿದ್ದೆ.

ಎಂಟು ತಿಂಗಳಾದ ಮೇಲೆ ಬಿಟ್ಟರು. ವ್ಯಾಪಾರಿ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪನಿಗೆ ಮನೆಯಲ್ಲಿಟ್ಟುಕೊಳ್ಳುವ ಧೈರ್ಯವಿರಲಿಲ್ಲ. ಸಂಡೂರು ಬೇರೆ ಸಂಸ್ಥಾನವಾದ್ದರಿಂದ ಬ್ರಿಟಿಷ್ ಪೊಲೀಸರ ಕಾಟ ಅಲ್ಲಿ ಕಡಿಮೆಯೆಂದು, ಅಲ್ಲಿದ್ದ ಅವರ ತಮ್ಮನ ಮನೆಗೆ ಹೋಗಲು ಗಾಡಿ ಗೊತ್ತು ಮಾಡಿದರು. ಗಾಡಿ ಬರುವವರೆಗೆ ಅವರು ಕಟ್ಟೆಯ ಮೇಲೆ ಕೂತಿದ್ದರು. ಎರಡೂ ಕಣ್ಣು ಬೆಳ್ಳಗಾಗಿದ್ದವು. ನಾನು ಹತ್ತಿರ ಹೋದೆ.

"ಪುಸ್ತಕ ತಿರುಗಿ ಕೊಡಲಿಲ್ಲೇನು ಮಾವ?"

"ಇಲ್ಲ. ಅಲ್ಲಿ ಬಾಯಿ ಬಿಡಾಕೂ ಅಂಜಿಕಿ. ದಿನಾ ಮಾಡೋದು ತಪ್ಪಿತಲ್ಲ, ಅದು ಬಂದಂಗ ಹೊಂಟೈತಿ ನೋಡು. ದಿನಕ್ಕ ಐದು. ಬೆಳಗ್ಗೆ ಎದ್ದು ಹುಡುಕಿದ್ರ ಐದು ಇರಂಗಿಲ್ಲ. ನಿನ್ನೆ ಹೆಂಚಿಗೆ ಏನಂತಾರ ಅನ್ನೋದು ಹೋತು."

ನನಗೆ ಗೊತ್ತಿತ್ತು. ಕಾಗದದಲ್ಲಿ ಓದಿದ್ದ ಮಾತು ಅದು, ಬಾಯಿಯ ತುದಿಯಲ್ಲೇ ಇತ್ತು. ಅವರು ನನ್ನ ಕಡೆ ಕಿವಿ ಮಾಡಿ ಕೂತಿದ್ದರು. ನನ್ನಿಂದ ಅದನ್ನು ಬಯಸಿದರೋ, ಸುಮ್ಮನೆ ಗಾಡಿಯ ಸದ್ದಿಗೆ ಕಿವಿಗೊಟ್ಟಿದ್ದರೋ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ನಾನು "ಹೋಗಿ ಬರ್ರಿ ಮಾವ" ಎಂದೆ, ಕನ್ನಡದಲ್ಲಿ. "ಆತವ್ವಾ" ಎಂದರು.

ಯುದ್ಧ ಮುಗಿಯುವ ಮೊದಲೇ ಅವರು ಸಂಡೂರಿನಲ್ಲಿ ತೀರಿಕೊಂಡರು. ಸುದ್ದಿ ತಂದವರು ಅವರ ತಮ್ಮ. ಕಣ್ಣು ಹೋದ ಮೇಲೂ ದಿನಾ ಟಪಾಲಿನವನನ್ನು ನಿಲ್ಲಿಸಿ ಕೇಳುತ್ತಿದ್ದರಂತೆ. "ಯಾರ ಕಾಗದ ಬರಬೇಕಿತ್ತೋ ನಮಗ ಹೇಳಲೇ ಇಲ್ರಿ" ಎಂದು ಆತ ಅಪ್ಪನ ಹತ್ತಿರ ಹೇಳಿಕೊಂಡ. ಕೋಬೆ ಸುಟ್ಟುಹೋಯಿತು ಎಂದು ಮುಂದೆ ಪತ್ರಿಕೆಯಲ್ಲಿ ಓದಿದೆ. ಆ ಮುದುಕಿಗೆ ಯಾರೂ ಏನೂ ತಿಳಿಸಲಿಲ್ಲ. ತಿಳಿಸಬಹುದಾಗಿದ್ದವಳು ಲೋಕದಲ್ಲಿ ನಾನೊಬ್ಬಳೇ ಇದ್ದೆ.

ನಾನು ಮತ್ತೆ ಶಾಲೆಗೆ ಹೋದೆ. ಅಪ್ಪ ಯಾಕೆ ಕಳಿಸಿದರೋ, ನನ್ನನ್ನು ಮಂದಬುದ್ಧಿ ಎಂದದ್ದು ಅವರಿಗೂ ಚುಚ್ಚಿತ್ತೇನೋ. ಮದ್ರಾಸಿನಲ್ಲಿ ಬಿ.ಎ. ಮಾಡಿದೆ. ಇಂಗ್ಲೀಷು, ಸಂಸ್ಕೃತ ಎರಡನ್ನೂ ಅವರ ರೀತಿಯಲ್ಲೇ ಕಲಿತೆ, ಹಾಸ್ಟೆಲಿನ ಕಿಟಕಿಯ ಕಲ್ಲಿನ ಮೇಲೆ ಒದ್ದೆ ಬೆರಳಿನಿಂದ. ನನ್ನ ಓದೆಲ್ಲ ಅವರು ಕೊಟ್ಟದ್ದು. ಅವರ ಭಾಷೆಯನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ನನ್ನಿಂದಲೂ ಅದು ಹೋಗುತ್ತಿರುವುದು ಗೊತ್ತಾಗುತ್ತಿತ್ತು. ತಡೆಯಲು ಏನು ಮಾಡಬೇಕೆಂದು ಚೆನ್ನಾಗಿ ಬಲ್ಲವಳು ತಡೆಯಲಿಲ್ಲ.

ಅಕ್ಕ ಈಗ ಕಂಪ್ಲಿಯಲ್ಲಿದ್ದಾಳೆ. ಹೋದ ವರ್ಷ ಅವಳ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಈ ಮಾತೆತ್ತಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. "ಈಗ್ಯಾಕ ಅದು?" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಊರಿಗೆ ಬಂದು ಕಾಗದ ಬರೆದೆ. ಉತ್ತರ ಬಂತು. ಹೊಳೆಗೆ ನೀರು ಬಂದದ್ದು, ನಾಟಿ ಮುಗಿದದ್ದು, ಅವಳ ಮಂಡಿನೋವು, ಎಲ್ಲ ಇತ್ತು. ಮತ್ತೊಮ್ಮೆ ಬರೆದೆ. ಈ ಸಲ ಯೋಗಕ್ಷೇಮ ಏನೂ ಬರೆಯದೆ ಒಂದೇ ಸಾಲು ಬರೆದು ಹಾಕಿದ್ದೇನೆ. ನಾಲ್ಕು ತಿಂಗಳಾಯಿತು.

"ಅಕ್ಕಾ, ನೀನು ನನ್ನ ಹಿಂದನ ನಿಂತಿದ್ದಿ, ನಿನಗ ಗೊತ್ತೈತಿ. ಅವತ್ತು ಮಾವ ನನಗ ಬ್ಯಾಡ ಅಂದದ್ದು ನಾವು ಕಾಲುವಿಗೆ ಹೋಗೋಕಿಂತ ಮೊದಲೋ, ಬಂದ ಮ್ಯಾಲೋ?"