ಬೈಂಡಿಂಗ್ ಅಕ್ಕನ ಒಣ ಕೋಣೆ

ಬೀದಿಯವರಿಗೆಲ್ಲ ಅವಳು ಬೈಂಡಿಂಗ್ ಅಕ್ಕ. ಹಾಳೆ ಹೊಲಿದು, ಬೆನ್ನಿಗೆ ಬಟ್ಟೆ ಕೊಟ್ಟು, ರಟ್ಟು ಕೂರಿಸಿ ಅವಳು ಕಟ್ಟಿಕೊಟ್ಟ ಪುಸ್ತಕವನ್ನು ಯಾರಾದರೂ ಗೋಡೆಗೆ ಎಸೆದರೆ ಪೆಟ್ಟು ಗೋಡೆಗೇ ಆಗಬೇಕು, ಅಷ್ಟು ಗಟ್ಟಿ. ಅಂಥವಳ ಕೆಲಸಕ್ಕೆ ಸಂಚಕಾರ ತಂದದ್ದು ಅವಳ ಮನೆಯದೇ ಒಂದು ಕೋಣೆ.

ಬಾಡಿಗೆಗಿದ್ದ ಅಂಗಡಿಯ ಕಟ್ಟಡವನ್ನು ಕೆಡವಿದಾಗ ಅವಳು ತನ್ನ ಕಬ್ಬಿಣದ ಪ್ರೆಸ್ಸು, ಕತ್ತರಿ, ರಟ್ಟಿನ ಕಟ್ಟುಗಳ ಸಮೇತ ಮನೆಯ ಹಿಂದಿನ ಕೋಣೆಗೆ ಬಂದಿದ್ದಳು. ಬಿಸಿಲಿಗೂ ಆ ಕೋಣೆಗೂ ಮಾತುಕತೆಯೇ ಇರಲಿಲ್ಲ. ಗೋಡೆ ಸದಾ ತಣ್ಣಗೆ, ಮೂಲೆಯಲ್ಲಿ ಬೂಷ್ಟು, ರಾತ್ರಿ ಹಚ್ಚಿದ ಅಂಟು ಬೆಳಿಗ್ಗೆಯೂ ಹಸಿ. ಅಲ್ಲಿ ಕಟ್ಟಿ ಲೈಬ್ರರಿಗೆ ಕಳಿಸಿದ ಪುಸ್ತಕಗಳ ರಟ್ಟೆಲ್ಲ ಬಾಗಿಹೋಗಿ, ಮುಚ್ಚಿದರೂ ಬಾಯಿ ಬಿಟ್ಟುಕೊಂಡೇ ಕೂತವು. ಲೈಬ್ರರಿಯ ಮೇಡಂ ಒಳ್ಳೆಯವರು, ಬೈಯಲಿಲ್ಲ. ಹಳೆಯ ನಿಘಂಟಿನ ಸಂಪುಟಗಳನ್ನು ಮುಂದಿಟ್ಟು, "ಇನ್ನೊಂದೇ ಒಂದು ಸಲ ನೋಡ್ತೀನಿ. ಇವೂ ಬಾಗಿದ್ರೆ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ" ಅಂದರು. ಬೈದಿದ್ದರೇ ವಾಸಿಯಿತ್ತು. ಲೈಬ್ರರಿ ಕೈಬಿಟ್ಟರೆ ಅವಳಿಗೆ ಉಳಿಯುವುದು ಡಬ್ಬದ ಕಾರ್ಖಾನೆಯಲ್ಲಿ ಲೇಬಲ್ ಅಂಟಿಸುವ ಕೆಲಸ. ಕೈಯಲ್ಲಿ ಇಷ್ಟು ವಿದ್ಯೆ ಇಟ್ಟುಕೊಂಡು ಲೇಬಲ್ ಅಂಟಿಸುವುದೇ!

ಮರುದಿನವೇ ಬಸ್ ಓಡಿಸುವ ಗಂಡನನ್ನು ಹೊರಡಿಸಿಕೊಂಡು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಹೋದಳು. ಅಲ್ಲಿ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವವನ್ನು ಹೀರಿ ನೀರು ಮಾಡಿ ಕೂಡಿಡುವ ಯಂತ್ರ, ಮೂರು ಗಾತ್ರದಲ್ಲಿ ಸಾಲಾಗಿ ನಿಂತಿತ್ತು. ಗಂಡನ ಕಣ್ಣು ಬಿದ್ದದ್ದು ಎಲ್ಲಕ್ಕಿಂತ ದೊಡ್ಡದರ ಮೇಲೆ.

"ಇದೇ ಇರಲಿ ಕಣೇ. ಇಡೀ ಬಸ್ಸನ್ನೇ ಒಣಗಿಸಿಬಿಡುತ್ತೆ!"

"ಬಸ್ಸಿಗೆ ಬೈಂಡಿಂಗ್ ಹಾಕೋವಾಗ ತಗೊಳ್ಳೋಣ ರೀ" ಅಂದಳು ಅವಳು.

ಸಣ್ಣದು ನೋಡಲು ಮುದ್ದಾಗಿತ್ತು, ಸದ್ದೂ ಇರಲಿಲ್ಲ. ಅಂಗಡಿಯವನೇ ತಲೆಯಾಡಿಸಿದ: "ಅದು ಬೀರುವಿನೊಳಗೆ ಇಡೋದಕ್ಕೆ ಸರಿ ಅಕ್ಕಾ. ನೀವು ಹೇಳೋ ಕೋಣೆಗೆ ಅದು ಏನೂ ಸಾಲಲ್ಲ." ಅವಳು ಮಧ್ಯದ್ದನ್ನು ಹಾಕಿಸಿ ಕಿವಿಗೊಟ್ಟು ಕೇಳಿದಳು, ಯಾಕೆಂದರೆ ಗೋಡೆಯಾಚೆ ಅತ್ತೆಯ ಮಂಚವಿತ್ತು. ತೊಟ್ಟಿ ತುಂಬಿದರೆ ತಾನೇ ನಿಲ್ಲುತ್ತದೆಯೇ ಎಂದು ವಿಚಾರಿಸಿದಳು. ಎಷ್ಟು ಒಣಗಿದರೆ ಸಾಕೆಂದು ನಾವೇ ಹೇಳಬಹುದೇ ಎಂದೂ ಕೇಳಿದಳು. ಅತಿಯಾಗಿ ಒಣಗಿದರೆ ಹಳೆಯ ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಹೇಳಬಹುದು ಅಂದ ಅಂಗಡಿಯವನು. ಮಧ್ಯದ್ದೇ ಮನೆಗೆ ಬಂತು.

ಅತ್ತೆ ಅದಕ್ಕೆ ಬಂದ ದಿನವೇ ಕುಡುಕ ಎಂದು ಹೆಸರಿಟ್ಟರು. "ಕುಡುಕ ಇವತ್ತೂ ಕಂಠಪೂರ್ತಿ ಏರಿಸಿದಾನೆ ನೋಡೇ" ಎನ್ನುತ್ತ ದಿನಾ ತೊಟ್ಟಿ ಹೊತ್ತು ಬಚ್ಚಲಿಗೆ ಸುರಿಯುವುದು ಅವರಿಗೆ ಆಟವಾಯಿತು. ಆದರೆ ಬೈಂಡಿಂಗ್ ಅಕ್ಕನ ಮುಖ ಅರಳಲಿಲ್ಲ. ತೆಳು ರಟ್ಟಿನ ಒಂದೇ ಬದಿಗೆ ಕಾಗದ ಅಂಟಿಸಿದ ಪಟ್ಟಿಯೊಂದನ್ನು ಅವಳು ಮೇಜಿನ ಮೇಲೆ ಇಟ್ಟಿದ್ದಳು. ತೇವವಿದ್ದರೆ ಅದು ಬಿಲ್ಲಾಗುತ್ತದೆ, ಒಣಗಿದ್ದರೆ ನೆಟ್ಟಗೆ ಮಲಗುತ್ತದೆ. ಕೆಲಸ ಕಲಿಸಿದವರು ಹೇಳಿಕೊಟ್ಟ ಉಪಾಯ ಅದು. ವಾರವಾದರೂ ಪಟ್ಟಿ ಬಿಲ್ಲಾಗಿಯೇ ಇತ್ತು. ಅದು ನೆಟ್ಟಗಾಗದೆ ನಿಘಂಟು ಮುಟ್ಟುವುದಿಲ್ಲ ಎಂದು ಅವಳು ಪಟ್ಟು ಹಿಡಿದಿದ್ದಳು.

ಕೊನೆಗೆ ಅಂಗಡಿಗೆ ಫೋನ್ ಮಾಡಿದಳು. ಅತ್ತ ಕಡೆಯಿಂದ ಒಂದೇ ಪ್ರಶ್ನೆ ಬಂತು: "ಬಾಗಿಲು ಹಾಕಿ ತಾನೇ ಓಡಿಸ್ತಿರೋದು?"

ಅವಳು ತಿರುಗಿ ಕೋಣೆಯ ತೆರೆದ ಬಾಗಿಲು ನೋಡಿದಳು. ಆ ಮನೆಯಲ್ಲಿ ಬಾಗಿಲು ಹಾಕುವುದೆಂದರೆ ಮುನಿಸು. ಮಾವ ಬದುಕಿದ್ದಾಗ ಸಿಟ್ಟು ಬಂದರೆ ಕೋಣೆ ಸೇರಿ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಮಾತು ಬಿಡುತ್ತಿದ್ದರು. ಅವರು ಹೋದ ಮೇಲೆ ಅತ್ತೆ ಎಲ್ಲ ಬಾಗಿಲಿಗೂ ಪರದೆ ಹಾಕಿಸಿ, "ಇನ್ನು ಈ ಮನೇಲಿ ಯಾರೂ ಬಾಗಿಲು ಹಾಕ್ಕೋಬಾರದು" ಅಂದಿದ್ದರು. ಅಂದಿನಿಂದ ಯಾರೂ ಹಾಕಿರಲಿಲ್ಲ. ಪಾಪದ ಕುಡುಕ ಇಷ್ಟು ದಿನ ಇಡೀ ಮನೆಯ ತೇವ ಕುಡಿಯುತ್ತಿದ್ದ!

ಅತ್ತೆ ಮಲಗಿದ್ದ ಮಧ್ಯಾಹ್ನ ನೋಡಿಕೊಂಡು ಅವಳು ಬಾಗಿಲು ತಳ್ಳಿದಳು. ಕೀಲು ಮನೆ ಕಿತ್ತುಹೋಗುವಂತೆ ಕಿರುಚಿತು. ಸ್ವಲ್ಪ ಹೊತ್ತಿಗೇ ಹೊರಗಿನಿಂದ ಅತ್ತೆಯ ದನಿ, ನಡುಗುತ್ತ:

"ನಾನೇನು ಅಂದೆ ಅಂತ ಬಾಗಿಲು ಹಾಕ್ಕೊಂಡೆ?"

ಅವಳು ಒಡನೆ ತೆರೆದಳು. ಅತ್ತೆಯ ಕಣ್ಣು ತುಂಬಿತ್ತು. ಅವಳಿಗೂ ತಡೆಯಲಾಗಲಿಲ್ಲ. "ನಿಮ್ಮ ಮೇಲಲ್ಲ ಅತ್ತೆ, ತೇವದ ಮೇಲೆ ಕೋಪ" ಎಂದು ಬಿಲ್ಲಾದ ಪಟ್ಟಿಯನ್ನು ಅವರ ಅಂಗೈಗಿಟ್ಟು ಎಲ್ಲ ಹೇಳಿದಳು. ಅತ್ತೆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂಗು ಒರೆಸಿಕೊಂಡರು.

"ಹಾಕ್ಕೊಳ್ಳೋದಾದ್ರೆ ನನ್ನನ್ನೂ ಒಳಗಿಟ್ಟು ಹಾಕ್ಕೋ. ಹೊರಗೆ ನಿಂತು ನೋಡೋ ಶಕ್ತಿ ನನಗಿಲ್ಲ."

ಹಾಗಾಗಿ ಅತ್ತೆಯ ಕುರ್ಚಿ ಒಳಗೆ ಬಂತು. ಬರಿಗೈಯಲ್ಲಿ ಕೂರಲಾರದೆ ಅವರು ಹಾಳೆ ಮಡಿಸಲು ಕಲಿತರು, ದಾರಕ್ಕೆ ಮೇಣ ಹಚ್ಚಲು ಕಲಿತರು. ಇಬ್ಬರೂ ಮಾತಾಡುತ್ತ, ಮುಚ್ಚಿದ ಬಾಗಿಲ ಹಿಂದೆ ಆ ಮನೆಯಲ್ಲಿ ಹಿಂದೆಂದೂ ಕೇಳದಷ್ಟು ನಗುತ್ತ ಕೂತರು. ಒಂದು ಬೆಳಿಗ್ಗೆ ಪಟ್ಟಿ ಮೇಜಿನ ಮೇಲೆ ನೆಟ್ಟಗೆ ಮಲಗಿತ್ತು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ನಿಘಂಟಿಗೆ ಕೈ ಹಾಕಿದಳು.

ಕಟ್ಟಿ ಮುಗಿಸಿ ಕೊಟ್ಟಮೇಲೆ ಲೈಬ್ರರಿಯಲ್ಲಿ ಅವು ವಾರಗಟ್ಟಲೆ ಕಪಾಟಿನಲ್ಲಿ ನಿಂತವು. ಆಮೇಲೆ ಮೇಡಂ ಅವಳನ್ನು ಕರೆಸಿ, ಅವಳೆದುರೇ ಒಂದೊಂದನ್ನೂ ಮೇಜಿನ ಮೇಲೆ ಮಲಗಿಸಿ ಮೂಲೆ ಒತ್ತಿದರು. ಒಂದೂ ಅಲುಗಲಿಲ್ಲ. "ಹಳೇ ವಿಭಾಗ ಪೂರ್ತಿ ನಿಮ್ಮದೇ" ಅಂದರು. ಬೈಂಡಿಂಗ್ ಅಕ್ಕನಿಗೆ ಮನೆಯವರೆಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಸಂಜೆ ಗಂಡ ಹಳೆಯ ಪುಸ್ತಕಗಳ ಮೊದಲ ಹೊರೆ ಹೊತ್ತು ಕೋಣೆಗೆ ಬಂದ, ಇಳಿಸಿದ, ಹೊರಟ. ಹಾಳೆ ಮಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಗದರಿದರು:

"ಏ, ಬಾಗಿಲು ಹಾಕ್ಕೊಂಡು ಹೋಗೋ!"